ಬಿರಡೆ

ನೋಟು ನೋಡುವ ದೀಪ ಅದು.
ಸುಂಟಿಕೊಪ್ಪದ ಪೆಟ್ರೋಲ್ ಬಂಕಿನಲ್ಲಿ
ಐನೂರರ ಎದೆಯೊಳಗಿನ ದಾರ ಹೊಳೆಯಿತೋ ಇಲ್ಲವೋ ಎಂದು
ಹನ್ನೊಂದು ವರ್ಷ ನೋಡಿದೆ.
ಕೈಕೊಟ್ಟ ನೋಟು ಮೂರು,
ಕೈಕೊಟ್ಟ ಮುಖಗಳ ಲೆಕ್ಕ ಬರೆದಿಲ್ಲ.

ಒಂದು ಭಾನುವಾರ, ಸಂತೆ ಮುಗಿದು ಕರೆಂಟು ಹೋದಾಗ
ಮೊಯ್ದೂಕನ ಗುಜರಿಯಲ್ಲಿ ಜೇಬಿನಿಂದ ಅದನ್ನೇ ತೆಗೆದೆ,
ಕಾಲಡಿ ಕಾಣಲೆಂದು.
ಬ್ರಾಂಡಿ ಶೀಷೆ, ಜಾಮಿನ ಜಾಡಿ, ತಲೆ ಒಡೆದ ಲಾಟೀನು,
ಆ ರಾಶಿಯಲ್ಲಿ ಒಂದೇ ಒಂದು ಉಪ್ಪಿನ ಬಟ್ಟಲು
ಹಸಿರಾಯಿತು.
ಮಿಂಚುಹುಳವನ್ನು ಅಂಗೈಯಲ್ಲಿ ಮುಚ್ಚಿಟ್ಟರೆ
ಬೆರಳ ಸಂದಿಯಲ್ಲಿ ಸೋರುವಷ್ಟು ಹಸಿರು.

"ಜಿನ್ನಾ?" ಅಂದ ಮೊಯ್ದೂಕ.
"ಮ್ಯಾಂಗನೀಸು" ಅನ್ನಲು ನನಗೆ
ಆಮೇಲೆ ಎರಡು ವರ್ಷ ಹಿಡಿಯಿತು.

ಈಗ ಗೊತ್ತು.
ಮರಳಿನಲ್ಲಿ ಕಬ್ಬಿಣದ ಕಲೆ ಇರುತ್ತದೆ, ಗಾಜು ಪಾಚಿಗಟ್ಟುತ್ತದೆ.
ಅದನ್ನು ಅಡಗಿಸಲು ಕುಲುಮೆಗೆ ಒಂದು ಚಿಟಿಕೆ ಕರಿಪುಡಿ,
ಬಿಳಿ ಪಂಚೆಗೆ ನೀಲಿ ಹಾಕಿದ ಹಾಗೆ.
ಯುರೇನಿಯಂ ಗಾಜು ಬೇರೆ: ದೀಪ ಕಂಡರೆ ಸಾಕು
ಮದುವೆ ಮನೆಯ ವಾಲಗದಂತೆ ಕೂಗುತ್ತದೆ.
ಇದು ಕೂಗುವುದಿಲ್ಲ. ಕತ್ತಲು ಪೂರಾ ಬೇಕು, ದೀಪ ಹತ್ತಿರ ಬೇಕು,
ನೋಡುವವರ ಉಸಿರೂ ಕೊಂಚ ಕಡಿಮೆ ಬೇಕು.
ಆಮೇಲೆ ಬೆರಳು:
ಅಚ್ಚಿನ ಗೆರೆ ಬಾಯಿ ಮುಟ್ಟದೆ ಕಂಠದಲ್ಲೇ ನಿಂತಿತೇ,
ತಳದಲ್ಲಿ ಹೊಕ್ಕುಳಿನಂಥ ಗಾಯ ಉಂಟೇ,
ಊದಿದವನ ಉಸಿರು ಗುಳ್ಳೆಯಾಗಿ ಒಳಗೇ ಸಿಕ್ಕಿಕೊಂಡಿದೆಯೇ.
ಕಡು ನೇರಳೆ ಕಂಡರೆ ನಂಬಬೇಡಿ,
ಯಂತ್ರದಲ್ಲಿ ಒಂದೇ ದಿನಕ್ಕೆ ಹಣ್ಣಾಗಿಸಿದ್ದಿರಬಹುದು.
ಸೂರ್ಯ ಅಷ್ಟು ಅವಸರ ಮಾಡುವುದಿಲ್ಲ.

ಏಳನೇ ಹೊಸಕೋಟೆಯ ಪೂವಕ್ಕನ ಮನೆಗೆ
ನಾನು ಹೋದದ್ದು ಒಂದು ಶೀಷೆಗಾಗಿ.
ಅವರ ಮಾವ ತೋಟದ ಆಸ್ಪತ್ರೆಯ ಕಾಂಪೌಂಡರ್.
ಎಸ್ಟೇಟು ಮಾರುವಾಗ ದೊರೆ ಬಾಕಿ ಸಂಬಳದ ಬದಲು
ಒಂದು ಪೆಟ್ಟಿಗೆ ಖಾಲಿ ಶೀಷೆ ಕೊಟ್ಟನಂತೆ.
ಉಳಿದದ್ದು ಇದೊಂದು, ಕ್ವಿನೈನಿನದ್ದು,
ಮೂಡಣ ಕಿಟಕಿಯಲ್ಲಿ.
ಒಳಗೆ ಟಿ.ವಿ. ಜೋರು, ಕೊನೆಯ ಕಡುಬಿಗೆ ಮೊಮ್ಮಕ್ಕಳ ಜಗಳ.
ಎತ್ತಿ ನೋಡಿದೆ: ಹೊರಮೈ ತಿಳಿ ನೇರಳೆ,
ಪೂವಕ್ಕ ಓಡಾಡುವ ಕಡೆಯ ಮೈ ಇನ್ನೂ ಬಿಳಿ.
"ನಾನು ಬರುವಾಗ ಪೂರ್ತಿ ಬಿಳೀನೇ ಇತ್ತು" ಎಂದರು,
ತನ್ನದೇ ಕೂದಲ ಮಾತಾಡುವಂತೆ.

ಜೇಬಿನಲ್ಲಿ ಎಂಟುನೂರು ಮಡಚಿಟ್ಟಿದ್ದೆ,
ಮುನ್ನೂರಕ್ಕೆ ಶುರು ಮಾಡುವ ಅಂತ.
"ಬಿರಡೆ ಇಲ್ವಾ?" ಅಂದೆ. ಬೆಲೆ ಇಳಿಸಲು ಕೇಳುವ ಮಾತು ಅದು.
ಬೀರುವಿನಿಂದ ತಂದರು, ಹಳೇ ಮಲ್ಲಿನಲ್ಲಿ ಸುತ್ತಿದ್ದನ್ನು.
ಮಗ ನುಂಗಿಯಾನೆಂದು ಆಗ ತೆಗೆದಿಟ್ಟದ್ದು.
ಆ ಮಗನಿಗೀಗ ಐವತ್ತೆರಡು, ಪಿಕಪ್ ಓಡಿಸುತ್ತಾನೆ.
ಬಿರಡೆ ನೀರಿನಷ್ಟು ಬಿಳಿ.
ಬಿಸಿಲೇ ಕಂಡಿಲ್ಲ.

ಕೂರಿಸಿ ತಿರುಗಿಸಿದೆ. ಕಿರ್ರೆಂದು ಕೂತಿತು.
ಯಾರು ನೋಡಿದರೂ ಜೋಡಿ ತಪ್ಪಿದೆ ಅನ್ನುತ್ತಾರೆ.
ನಾನೂ ಅನ್ನಬಹುದಿತ್ತು, ನೂರೈವತ್ತು ಉಳಿಯುತ್ತಿತ್ತು.
ಕಿಟಕಿ ಮುಚ್ಚಿ, ಅಂದೆ.
ಟಿ.ವಿ. ಯಾರೋ ಆರಿಸಿದರು.

ಬಿರಡೆ ಚೆನ್ನಾಗಿ ಹೊಳೆಯಿತು.
ಶೀಷೆಯ ಹಸಿರು ಬಿಸಿಲಿನ ಕಡೆ ಸ್ವಲ್ಪ ದಣಿದಿತ್ತು,
ಆದರೂ ಅದೇ ಹಸಿರು.
ಪೂವಕ್ಕ ಬಹಳ ಹೊತ್ತು ನೋಡಿ
"ರಾತ್ರಿಯೆಲ್ಲಾ ಹೀಗೇ ಇರುತ್ತಾ ಇದು?" ಅಂದರು.
ಇಲ್ಲ, ದೀಪ ಹಿಡಿದರೆ ಮಾತ್ರ, ಅಂದೆ.

ಶೀಷೆ ಈಗಲೂ ಅಲ್ಲೇ ಇದೆ, ಬಿರಡೆ ಹಾಕಿಕೊಂಡು.
ತಿರುಗಿಸಿ ಇಟ್ಟಿದ್ದಾರೆ,
ಬಿಳಿ ಮೈಗೂ ಒಂದಿಷ್ಟು ಸಿಗಲಿ ಎಂದು.
ನಾನು ತಂದದ್ದು ಎರಡು ಕಡುಬು,
ಮತ್ತೆ ಅದೇ ಮಡಚಿದ ಎಂಟುನೂರು.
ಬಂಕಿಗೆ ಬಂದು, ಅಭ್ಯಾಸ ನೋಡಿ,
ಐನೂರರದ್ದನ್ನು ದೀಪಕ್ಕೆ ಹಿಡಿದೆ.